ಮುರಿಯಬೇಕಾದ ಪಿನ್ನು

ಸೇನೆಯಲ್ಲಿ ಹದಿನೇಳು ವರ್ಷ ವಾಹನ ಮೆಕ್ಯಾನಿಕ್ ಆಗಿದ್ದು, ಹವಾಲ್ದಾರನಾಗಿ ನಿವೃತ್ತಿ ಪಡೆದು, ತುಮಕೂರಿನ ಅಂತರಸನಹಳ್ಳಿಯಲ್ಲಿ ನಾನು ವರ್ಕ್‌ಶಾಪ್ ತೆರೆದು ಆಗ ಒಂಬತ್ತನೇ ವರ್ಷ. ಕೊರೋನಾ ಕಾಟ ಕಳೆದು ರಸ್ತೆಗಳಲ್ಲಿ ಮತ್ತೆ ಟಿಪ್ಪರ್‌ಗಳು ತುಂಬಿಕೊಂಡಿದ್ದ ಬೇಸಿಗೆ. ನನ್ನಲ್ಲಿಗೆ ಬರುತ್ತಿದ್ದವು ಹೆಚ್ಚಾಗಿ ಸೇನೆ ಹರಾಜು ಹಾಕಿದ ಹಳೇ ಲಾರಿಗಳು.

ಈ ಲಾರಿಗಳ ಬಿಡಿಭಾಗಗಳ ತಯಾರಿಕೆ ನಿಂತು ಎಷ್ಟೋ ಕಾಲವಾಗಿದೆ. ಬೇರೆ ಗಾಡಿಯ ಯಾವ ಭಾಗ ಇದಕ್ಕೆ ಹೊಂದುತ್ತದೆ ಎಂದು ಹುಡುಕುವುದೇ ನನ್ನ ಕಸುಬು. ಬೇರಿಂಗ್ ಮೇಲೆ ಕೆತ್ತಿದ ನಂಬರ್ ಓದಲು ಸಿಕ್ಕರೆ ಟ್ರ್ಯಾಕ್ಟರಿನದನ್ನೇ ತಂದು ಕೂರಿಸಬಹುದು. ಆಯಿಲ್ ಸೀಲ್‌ಗೆ ಒಳ ಅಳತೆ, ಹೊರ ಅಳತೆ, ದಪ್ಪ ಗೊತ್ತಿದ್ದರೆ ಸಾಕು. ಎಲ್ಲೂ ಸಿಗದಿದ್ದರೆ ಸತ್ಯಮಂಗಲದ ಲೇತ್‌ನವರ ಮುಂದೆ ಹೋಗಿ ನಿಲ್ಲುವುದು. "ಹವಾಲ್ದಾರ್ ಹತ್ರ ಹೋದ್ರೆ ಗಾಡಿ ಸಾಯಾಕಿಲ್ಲ" ಎಂದು ಡ್ರೈವರ್‌ಗಳು ಆಡಿಕೊಳ್ಳುತ್ತಿದ್ದರು. ಈಗ ಹೇಳಲು ನಾಚಿಕೆಯಾಗುತ್ತದೆ, ಆದರೆ ಆ ಮಾತು ನನಗೆ ತುಂಬಾ ಇಷ್ಟವಾಗಿತ್ತು.

ಕುಣಿಗಲ್‌ನ ಶಿವಣ್ಣನ ಬಳಿ ಅಂಥದೊಂದು ಲಾರಿಯಿತ್ತು. ಅದರ ಮುಂಭಾಗದಲ್ಲಿ ವಿಂಚ್, ಅಂದರೆ ಇಂಜಿನ್ ಬಲದಿಂದ ಉಕ್ಕಿನ ಹಗ್ಗ ಸುತ್ತಿಕೊಳ್ಳುವ ಉರುಳೆ. ಹಳ್ಳಕ್ಕೆ ಬಿದ್ದ ಗಾಡಿಗಳನ್ನು ಎಳೆದು ಹಾಕುವುದು ಅವನ ಜೀವನ. ಈ ವಿಂಚ್ ತಿರುಗಿಸುವ ಶಾಫ್ಟ್‌ನಲ್ಲಿ ಹನ್ನೆರಡು ಮಿಲಿಮೀಟರ್ ದಪ್ಪದ ಒಂದು ಶಿಯರ್ ಪಿನ್ ಇರುತ್ತದೆ. ಅದು ಬೇಕೆಂದೇ ಮೆದು ಕಬ್ಬಿಣದಲ್ಲಿ ಮಾಡಿದ್ದು. ಭಾರ ಮಿತಿ ಮೀರಿದರೆ ಮೊದಲು ಅದು ಮುರಿದು, ಹಗ್ಗ ತುಂಡಾಗುವುದನ್ನು ತಪ್ಪಿಸುತ್ತದೆ.

ಒಂದೇ ತಿಂಗಳಲ್ಲಿ ಮೂರು ಪಿನ್ ಮುರಿದವು ಎಂದು ಶಿವಣ್ಣ ಗೊಣಗುತ್ತಾ ಬಂದ. "ಗಟ್ಟಿದು ಯಾವ್ದಾದ್ರೂ ಹಾಕ್ಕೊಡಿ ಹವಾಲ್ದಾರ್ರೇ. ಕೆಲ್ಸದ ಮಧ್ಯೆ ಕೈ ಕೊಡ್ತದೆ."

ಗುಜರಿಯಲ್ಲಿ ಹುಡುಕಿದೆ. ಟಿಪ್ಪರಿನ ಪ್ರೊಪೆಲ್ಲರ್ ಶಾಫ್ಟ್‌ನ ಬೋಲ್ಟ್ ಒಂದು ಅಳೆದು ಮಾಡಿಸಿದ ಹಾಗೆ ಕೂತಿತು. ಅದು ಹದ ಹಾಕಿದ ಗಟ್ಟಿ ಉಕ್ಕು. ಪಿನ್ ಯಾಕೆ ಮೆದುವಾಗಿರಬೇಕು ಎಂದು ಸೇನೆಯಲ್ಲಿ ನಾನೇ ಹೊಸಬರಿಗೆ ಪಾಠ ಹೇಳಿದ್ದವನು. ಗೊತ್ತಿಲ್ಲದೆ ಮಾಡಿದ ತಪ್ಪಲ್ಲ ಅದು. ಸಿಗದ ಪಾರ್ಟ್ ಸಿಕ್ಕ ಖುಷಿಯಲ್ಲಿ, ಹೊಗಳಿಕೆಗೆ ಉಬ್ಬಿ ಮಾಡಿದ್ದು.

ಮರುವಾರ ಬ್ರೇಕ್ ಸರಿಮಾಡಿ, ಟ್ರಯಲ್ ನೋಡಲು ಶಿವಣ್ಣನ ಜೊತೆ ಅದೇ ಲಾರಿಯಲ್ಲಿ ಗುಬ್ಬಿ ಕಡೆ ಹೊರಟಿದ್ದೆ. ಹಾದಿಯಲ್ಲೇ ಶಿವಣ್ಣನಿಗೆ ಫೋನ್ ಬಂತು. ಗುಬ್ಬಿಗೆ ಸ್ವಲ್ಪ ದೂರದಲ್ಲಿ, ಎಂ-ಸ್ಯಾಂಡ್ ತುಂಬಿದ ಟಿಪ್ಪರ್ ಕೆರೆ ಏರಿಯಿಂದ ಜಾರಿ, ಕೆಳಗಿನ ಹುಣಸೆ ಮರಕ್ಕೆ ಮೂತಿ ಕೊಟ್ಟು ನಿಂತಿತ್ತು. ಡ್ರೈವರ್ ಬಸವರಾಜು ಒಳಗೇ ಇದ್ದ. ಡ್ಯಾಶ್‌ಬೋರ್ಡ್ ಕುಸಿದು ಅವನ ಎರಡೂ ಕಾಲು ಸಿಕ್ಕಿಹಾಕಿಕೊಂಡಿದ್ದವು. ತುಮಕೂರಿನಿಂದ ಕ್ರೇನ್ ಬರಲು ಒಂದೂವರೆ ಗಂಟೆ ಬೇಕಿತ್ತು. ಟಿಪ್ಪರನ್ನು ಅರ್ಧ ಮೀಟರ್ ಹಿಂದಕ್ಕೆ ಎಳೆದರೆ ಅವನನ್ನು ಬಿಡಿಸಬಹುದಿತ್ತು.

ಏರಿಯ ಮೇಲೆ ಲಾರಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಹಗ್ಗ ಇಳಿಸಿ ಟಿಪ್ಪರಿನ ಹಿಂಭಾಗಕ್ಕೆ ಕಟ್ಟಿದೆವು. ಏರಿಯ ತುಂಬ ಜನ. ಆಗ ಬೋಲ್ಟ್ ನೆನಪಾಯಿತು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನ ಹಾಗಾಯಿತು ನನ್ನ ಪಾಡು. ಹೇಳಿದರೆ ಅಷ್ಟು ಜನರ ಮುಂದೆ ಹೆಸರು ಹೋಗುತ್ತದೆ, ಹೊತ್ತೂ ಹೋಗುತ್ತದೆ. ಒಂದೇ ಸಲಕ್ಕೆ ಬಂದುಬಿಡಲಿ ದೇವರೇ ಎಂದುಕೊಂಡು ಸುಮ್ಮನಿದ್ದೆ.

ವಿಂಚ್ ತಿರುಗಿತು. ಹಗ್ಗ ಬಿಗಿಯಾಯಿತು. ಟಿಪ್ಪರ್ ಅಲುಗಲಿಲ್ಲ. ಇಂಜಿನ್ ಗೋಳಿಟ್ಟಿತು. ಹಗ್ಗದ ಎಳೆಯೊಂದು ಪಟ್ಟನೆ ಕಿತ್ತುಹೋಯಿತು, ಹಿಂದೆಯೇ ಇನ್ನೊಂದು. ಮೆದು ಪಿನ್ ಇದ್ದಿದ್ದರೆ ಇಷ್ಟು ಹೊತ್ತಿಗೆ ಮುರಿದಿರುತ್ತಿತ್ತು. ಹಗ್ಗ ಪೂರ್ತಿ ಕಿತ್ತುಹೋದರೆ ಅದು ಜನರ ಮೇಲೆ ಬೀಸುತ್ತದೆ, ಎಳೆತ ತಪ್ಪಿದ ಟಿಪ್ಪರ್ ಮರಕ್ಕೆ ಇನ್ನಷ್ಟು ಒತ್ತಿಕೊಳ್ಳುತ್ತದೆ, ಮಧ್ಯದಲ್ಲಿ ಬಸವರಾಜು.

"ನಿಲ್ಸು ಶಿವಣ್ಣ" ಎಂದು ಕೂಗಿದೆ. "ಇದ್ರಲ್ಲಿ ಪಿನ್ ಇಲ್ಲ. ನಾನು ಗಟ್ಟಿ ಬೋಲ್ಟ್ ಹಾಕಿದೀನಿ. ಹಗ್ಗ ಕಿತ್ತೋಗ್ತದೆ."

ಜನರ ಮಧ್ಯದಿಂದ ಯಾರೋ, "ಒಳಗೆ ಪ್ರಾಣ ಹೋಗ್ತೈತೆ, ಇವ್ನು ಈಗ ರಿಪೇರಿ ಮಾಡ್ತಾನಂತೆ" ಎಂದರು. ಅಲ್ಲಿಗೆ ಬಂದಿದ್ದ ಸಬ್ ಇನ್‌ಸ್ಪೆಕ್ಟರ್ ಎಷ್ಟು ಹೊತ್ತು ಎಂದು ಕೇಳಿದರು. ಇಪ್ಪತ್ತು ನಿಮಿಷ ಎಂದೆ.

ಹಗ್ಗ ಸಡಿಲಿಸಿ ಲಾರಿಯ ಕೆಳಗೆ ತೂರಿಕೊಂಡೆ. ಎಳೆತಕ್ಕೆ ಸಿಕ್ಕಿದ್ದ ಬೋಲ್ಟ್ ಸೊಟ್ಟಗಾಗಿ ಕಚ್ಚಿಕೊಂಡಿತ್ತು. ಕೈ ಬೀಸಲು ಜಾಗವಿಲ್ಲ. ಸುತ್ತಿಗೆಯ ಪ್ರತಿ ಏಟಿಗೂ ಕೆಳಗಿನಿಂದ ಬಸವರಾಜು ನರಳುವುದು ಕೇಳುತ್ತಿತ್ತು. ಅವನು ಟಿಪ್ಪರಿನೊಳಗೆ ಸಿಕ್ಕಿದ್ದರೆ ನಾನು ಲಾರಿಯ ಕೆಳಗೆ, ನಾನೇ ಹಾಕಿದ ಬೋಲ್ಟ್‌ಗೆ ಸಿಕ್ಕಿದ್ದೆ. ಅಷ್ಟು ಹೆದರಿಕೆ ನನಗೆ ಸೇನೆಯಲ್ಲೂ ಆಗಿರಲಿಲ್ಲ.

ಬೋಲ್ಟ್ ಬಂತು. ಪಿನ್ನಿಗೇನು ಮಾಡುವುದು? ಮನೆ ಕಟ್ಟುವ ಕಂಬಿ ಆಗದು, ಅದೂ ಗಟ್ಟಿಯೇ. ಪಕ್ಕದ ತೆಂಗಿನ ತೋಟದ ಪಂಪ್‌ಹೌಸ್ ಕಿಟಕಿಯ ಮೇಲೆ ಕಣ್ಣು ಬಿತ್ತು. ಹಳೇ ಕಿಟಕಿ ಸರಳು ಮೆದು ಕಬ್ಬಿಣದ್ದು, ದಪ್ಪವೂ ಹೆಚ್ಚುಕಡಿಮೆ ಪಿನ್ನಿನಷ್ಟೇ. ತೋಟದ ಗಂಗಮ್ಮ ಅಲ್ಲೇ ನಿಂತಿದ್ದರು. "ಕಿತ್ಕೊಳಪ್ಪ, ಕಿಟ್ಕಿ ಹೋದ್ರೆ ಹೋಯ್ತು ಬುಡು" ಎಂದರು. ಸರಳು ಕಿತ್ತು, ಗರಗಸದಲ್ಲಿ ನಾಲ್ಕು ತುಂಡು ಮಾಡಿದೆ.

ಮೊದಲನೆಯದು ಅರ್ಧ ನಿಮಿಷಕ್ಕೇ ಮುರಿಯಿತು. ಜನ ಹೋ ಎಂದು ಬೈದರು. ನನಗೆ ಮಾತ್ರ ಎಷ್ಟೋ ಹೊತ್ತಿನ ಮೇಲೆ ಉಸಿರು ಬಂದ ಹಾಗಾಯಿತು. ಭಾರವಷ್ಟೇ ಅಲ್ಲ, ಏನೋ ತಡೆಯುತ್ತಿದೆ ಎಂದು ಪಿನ್ ಹೇಳಿತ್ತು. ಕೆಳಗಿಳಿದು ನೋಡಿದರೆ, ಟಿಪ್ಪರಿನ ಹಿಂದಿನ ಆಕ್ಸಲ್‌ಗೆ ಬೇಲಿಯ ಕಲ್ಲುಕಂಬವೊಂದು ಅಡ್ಡ ಸಿಕ್ಕಿತ್ತು. ಹಾರೆ ಹಾಕಿ ಅದನ್ನು ಬಿಡಿಸಿದೆವು. ಎರಡನೇ ಪಿನ್ ಹಾಕಿ ಎಳೆದಾಗ ಟಿಪ್ಪರ್ ನಿಧಾನವಾಗಿ ಹಿಂದೆ ಸರಿಯಿತು. ಬಸವರಾಜನನ್ನು ಹೊರಗೆ ತೆಗೆಯುವ ವೇಳೆಗೆ, ನಾನು ನಿಲ್ಲಿಸೆಂದು ಕೂಗಿ ಮುಕ್ಕಾಲು ಗಂಟೆ ಕಳೆದಿತ್ತು.

ಹತ್ತು ದಿನ ಬಿಟ್ಟು ಆಸ್ಪತ್ರೆಗೆ ಹೋದೆ. ಅವನ ಎಡಗಾಲಿನ ಮೂರು ಬೆರಳು ತೆಗೆದಿದ್ದರು. ರಕ್ತ ಹರಿಯದೆ ತುಂಬಾ ಹೊತ್ತಾಗಿತ್ತಂತೆ. ತಡವಾಗಿದ್ದು ನನ್ನಿಂದ ಎಂದು ಹೇಳಿದೆ.

"ಗೊತ್ತಣ್ಣ, ನೀವು ಕೂಗಿದ್ದು ಕೇಳಿಸ್ತು" ಎಂದ. "ಅವತ್ತು ನಿಮ್ಗೆ ಬೈದಷ್ಟು ಯಾರ್ಗೂ ಬೈದಿಲ್ಲ." ಆಮೇಲೆ, "ಕೂಗ್ದೇ ಇದ್ದಿದ್ರೆ ಬೈಯೋಕೆ ನಾನೇ ಇರ್ತಿರ್ಲಿಲ್ಲ ಬಿಡಿ" ಎಂದ.

ಅವನು ಕ್ಷಮಿಸಿದನೋ ಇಲ್ಲವೋ, ನಾನು ಕೇಳಲಿಲ್ಲ. ಆ ಬೆರಳುಗಳ ಲೆಕ್ಕ ನನ್ನ ಮೇಲೇ ಇದೆ. ಒಂದು ಭಾಗ ಇನ್ನೊಂದರ ಜಾಗದಲ್ಲಿ ಕೂತ ಮಾತ್ರಕ್ಕೆ ಅದರ ಕೆಲಸ ಮಾಡುವುದಿಲ್ಲ ಎಂಬುದನ್ನು ನಾನು ಕಲಿತದ್ದು ಹೀಗೆ. ಇಂದಿಗೂ ಯಾರಾದರೂ ಪಿನ್ ಮುರಿಯಿತೆಂದು ದೂರು ಹೊತ್ತು ಬಂದರೆ, ಅಂಥದೇ ಮೆದುವಾದ ಇನ್ನೊಂದನ್ನು ಕೈಗಿಟ್ಟು, ಏನನ್ನು ಎಳೆಯುತ್ತಿದ್ದಿರಿ ಎಂದು ಕೇಳುತ್ತೇನೆ.