ಆರು ಗುಳಿಗೆ

ಬೀದರಿನ ಮಂಗಲಪೇಟೆಯ ನವೊಮಿ ಇಪ್ಪತ್ತಾರು ವರ್ಷದಿಂದ ನರ್ಸು. ದಿನಾ ಬಸ್ಸು ಹಿಡಿದು ಭಾಲ್ಕಿಗೆ ಹೋಗಿ ಅಲ್ಲಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಹೆಂಗಸರ ವಾರ್ಡು ನೋಡಿಕೊಳ್ಳುತ್ತಾಳೆ. ಡಾಕ್ಟರ ಮಾತು ಮೀರದವಳು ಎಂದು ಹೆಸರು. ಅದರ ಬಗ್ಗೆ ಅವಳಿಗೂ ಸಣ್ಣದೊಂದು ಹೆಮ್ಮೆಯಿತ್ತು.

ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ವಾರ್ಡಿಗೆ ಫೋನು ಬಂತು. ಗಂಡುದನಿ. ಹೊಸದಾಗಿ ಸೇರಿದ ಡಾಕ್ಟರು ತಾನು, ಕಪಾಟಿನಲ್ಲಿರುವ ಹೊಸ ಡಬ್ಬಿಯಿಂದ ಶೇವಂತಾಬಾಯಿಗೆ ಆರು ಗುಳಿಗೆ ಕೊಡಬೇಕು, ಚೀಟಿ ಆಮೇಲೆ ಬಂದು ಬರೆಯುತ್ತೇನೆ ಎಂದಿತು. ಶೇವಂತಾಬಾಯಿ ಠಾಣಾ ಕುಶನೂರಿನ ಮುದುಕಿ, ಜ್ವರಕ್ಕೆಂದು ದಾಖಲಾಗಿದ್ದಳು. ಡಬ್ಬಿಯ ಮೇಲೆ ದಿನಕ್ಕೆ ಎರಡಕ್ಕಿಂತ ಹೆಚ್ಚು ಕೊಡಬಾರದೆಂದು ಕೆಂಪಕ್ಷರದಲ್ಲಿ ಇತ್ತು. ನವೊಮಿ ಓದಿದಳು. ಮತ್ತೊಮ್ಮೆ ಓದಿದಳು. ಆರು ಎಣಿಸಿಕೊಂಡು, ನೀರಿನ ಲೋಟ ಹಿಡಿದು ಮಂಚದ ಹತ್ತಿರ ಹೋದಳು.

ಮುದುಕಿ ಕೈ ಚಾಚುವಷ್ಟರಲ್ಲಿ ಯಾರೋ ಬಂದು ತಡೆದರು. ಕರುಣಾ ಎಂಬುವಳು, ಬೀದರಿನವಳೇ, ಮನಃಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಫೋನು ಮಾಡಿದವನು ಡಾಕ್ಟರಲ್ಲ, ಗುಳಿಗೆ ಬರೀ ಸಕ್ಕರೆ, ಮೇಲಿನವರು ಹೇಳಿದ್ದನ್ನು ಜನ ಎಲ್ಲಿಯ ತನಕ ಕೇಳುತ್ತಾರೆಂದು ನೋಡುವ ಸಂಶೋಧನೆ ಇದು, ಮಾಲೀಕರು ಒಪ್ಪಿದ್ದಾರೆ ಎಂದು ತಿಳಿಸಿದಳು. ಹನ್ನೊಂದು ನರ್ಸುಗಳಲ್ಲಿ ಒಂಬತ್ತು ಮಂದಿ ಹೀಗೇ ಮಾಡಿದ್ದರಂತೆ. ಚಹಾ ತರಿಸಿ, ಒಪ್ಪಿಗೆಯ ಕಾಗದ ಮುಂದಿಟ್ಟಳು.

“ಇದನ್ನ ಮೊದಲ ಯಾಕ ಕೇಳ್ಲಿಲ್ಲರಿ?” ಎಂದಳು ನವೊಮಿ.

“ಮೊದಲ ಹೇಳಿದ್ರ ನೀವು ಗುಳಗಿ ತರ್ತಿದ್ದಿಲ್ಲ, ಸಿಸ್ಟರ್.”

ನವೊಮಿ ಸಹಿ ಮಾಡದೆ ಎದ್ದಳು. ಉಳಿದ ನರ್ಸುಗಳು ವಾರದೊಳಗೆ ನಕ್ಕು ಮರೆತರು. ಅವಳಿಗೆ ಮಾತ್ರ ಅಂದು ಸಂಜೆ ಬಸ್ಸಿನಲ್ಲೇ ಹಾವಗೆಪ್ಪ ನೆನಪಾದ.

ಅದಕ್ಕೆ ಹತ್ತು ವರ್ಷದ ಹಿಂದೆ ಅವಳು ಔರಾದಿನ ಒಂದು ಸಣ್ಣ ದವಾಖಾನೆಯಲ್ಲಿದ್ದಳು. ಎಕಂಬಾದ ಹಾವಗೆಪ್ಪ ಉಸಿರು ಕಟ್ಟಿ ಬಂದಿದ್ದ. ಅಲ್ಲಿಯ ಡಾಕ್ಟರು ಫೋನಿನಲ್ಲೇ ಇಂಜೆಕ್ಷನ್ ಪೂರ್ತಿ ಕೊಡು ಎಂದಿದ್ದರು. ಅವನ ನಾಡಿ ನೋಡಿ ಅರ್ಧ ಸಾಕು ಎಂದು ಅವಳಿಗೆ ಅನಿಸಿತ್ತು. ಪೂರ್ತಿ ಕೊಟ್ಟಿದ್ದಳು. ಮುಕ್ಕಾಲು ತಾಸಿನಲ್ಲಿ ಅವನು ಹೋದ. ಡಾಕ್ಟರು ಹಾರ್ಟ್ ಅಟ್ಯಾಕ್ ಎಂದು ಬರೆದರು, ಅವಳು ನಂಬಿದಳು. ಈಗ ಆ ನಂಬಿಕೆ ನಿಲ್ಲಲಿಲ್ಲ. ಬಸ್ಸಿನಲ್ಲಿ, ಅಡಿಗೆಮನೆಯಲ್ಲಿ, ಚರ್ಚಿನಲ್ಲಿ ಕಣ್ಣು ಮುಚ್ಚಿದಾಗ ಆ ಮನುಷ್ಯನ ಮುಂಗೈ ಕಾಣುತ್ತಿತ್ತು.

ಆರು ತಿಂಗಳು ತಡೆದಳು. ಒಂದು ಭಾನುವಾರ ಪ್ರಾರ್ಥನೆ ಮುಗಿಸಿ ನೇರ ಎಕಂಬಾಕ್ಕೆ ಹೋದಳು. ಹಾವಗೆಪ್ಪನ ಹೆಂಡತಿ ಅನುಸೂಯಾಬಾಯಿ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಗುರುತು ಹಿಡಿದು, ಚಾಪೆ ಹಾಸಿ ಕೂರಿಸಿದಳು. ಕೊನೆಗಳಿಗೆಯಲ್ಲಿ ಗಂಡನ ಕೈ ಹಿಡಿದು ನಿಂತವಳು ನೀವೇ, ಮರೆತಿಲ್ಲ ಎಂದಳು. ಆ ಮಾತು ಕೇಳಿದ ಮೇಲೆ ನವೊಮಿಗೆ ಸುಮ್ಮನಿರಲು ಆಗಲಿಲ್ಲ. ಎಲ್ಲ ಹೇಳಿದಳು. ಬೈಯಲಿ, ಹೊಡೆಯಲಿ ಎಂದೇ ಬಂದಿದ್ದಳು.

ಅನುಸೂಯಾಬಾಯಿಯ ಕೈ ಮೊರದ ಮೇಲೆ ನಿಂತಿತು.

“ಅವನ ಆಯುಷ್ಯ ಅಷ್ಟ ಇತ್ತು ಅಂತ ತಿಳ್ಕೊಂಡು ಇಷ್ಟು ದಿನ ಬಾಳೇವೆ ಮಾಡೀನಿ. ಈಗ ನಾ ಏನಂತ ತಿಳ್ಕೊಳ್ಳಲಿ? ಹೇಳಲೇನು ಅಂತ ನನಗೊಂದು ಮಾತು ಕೇಳಬೇಕಿತ್ತು ನೀವು.”

ಅನುಸೂಯಾಬಾಯಿ ಚಹಾಕ್ಕೆ ಇಟ್ಟ ನೀರನ್ನು ಒಲೆಯಿಂದ ಇಳಿಸಿ, ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಔರಾದಿನ ಬಸ್ಸು ಬರುವ ತನಕ ನವೊಮಿ ರಸ್ತೆಯಲ್ಲಿ ನಿಂತಳು.

ಅದೇ ವಾರ ಕರುಣಾ ಮತ್ತೆ ಫೋನು ಮಾಡಿ ಸಹಿ ಕೇಳಿದಳು. ನವೊಮಿ ಎಕಂಬಾದ ಸಂಗತಿ ಹೇಳಿದಳು. ಗುಳಿಗೆಯ ಆ ದಿನ ನೀವು ನಿರಾಳವಾಗಿ ಮನೆಗೆ ಹೋದಿರಿ ಎಂದು ವರದಿಯಲ್ಲಿ ಬರೆದುಬಿಟ್ಟಿದ್ದೇನೆ ಎಂದಳು ಕರುಣಾ, ದನಿ ಇಳಿಸಿ. ಅದನ್ನು ಹೊಡೆದು ಹಾಕಿದರೆ ಸಹಿ ಮಾಡುತ್ತೇನೆ ಎಂದಳು ನವೊಮಿ. ಹೊಡೆದು ಹಾಕಿದಳೋ ಇಲ್ಲವೋ, ಅವಳು ಮತ್ತೆ ಬರಲಿಲ್ಲ.

ಈಗ ನವೊಮಿ ಯಾವ ಡಾಕ್ಟರು ಹೇಳಿದರೂ ಬರೆದು ಕೊಡಿ ಎನ್ನುತ್ತಾಳೆ. ಹಟಮಾರಿ ಎಂದು ವಾರ್ಡಿನಿಂದ ತೆಗೆದು ರೋಗಿಗಳ ಹೆಸರು, ಊರು ಬರೆದುಕೊಂಡು ಚೀಟಿ ಕೊಡುವ ಕಿಟಕಿಯಲ್ಲಿ ಕೂರಿಸಿದ್ದಾರೆ. ಎಕಂಬಾ ಎಂದು ಯಾರಾದರೂ ಊರು ಹೇಳಿದರೆ ತಲೆಯೆತ್ತಿ ಮುಖ ನೋಡುತ್ತಾಳೆ. ಅನುಸೂಯಾಬಾಯಿ ಇದುವರೆಗೆ ಬಂದಿಲ್ಲ.