ಮೈಕ್‌ಸೆಟ್ ಅಂಗಡಿಯವರು ಕೂಗಿದ ದಿನ

ಅರಸೀಕೆರೆಯಲ್ಲಿ ಅರಚುತ್ತಲೇ ಹಾಡುವ ನಮ್ಮ ಬ್ಲ್ಯಾಕ್ ಮೆಟಲ್ ಬ್ಯಾಂಡಿನ ಮೊದಲ ಮೂರು ಹಾಡುಗಳನ್ನು ರೆಕಾರ್ಡ್ ಮಾಡಿಕೊಟ್ಟವರು ಮದುವೆ, ಆರ್ಕೆಸ್ಟ್ರಾಗಳಿಗೆ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದ ಒಬ್ಬ ಹಿರಿಯರು. ಅವರ ಅಂಗಡಿಯ ಹಿಂದಿದ್ದ ಖಾಲಿ ಕೊಬ್ಬರಿ ಗೋದಾಮೇ ನಮ್ಮ ಸ್ಟುಡಿಯೋ. ನಾನು ಗಂಟಲು ಹರಿಯುವಂತೆ ಅರಚುವುದನ್ನು ಕೇಳಿ ನಮ್ಮ ಮನೆಯವರು ಇವನಿಗೆ ಹುಚ್ಚು ಹಿಡಿದಿದೆ ಎಂದಿದ್ದರು. ಆ ಹಿರಿಯರು ಮಾತ್ರ ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ, "ಇನ್ನೊಂದ್ಸಲ ಕೇಳಾನ" ಎನ್ನುತ್ತಿದ್ದರು. ಹಾಗೆಂದಾಗಲೆಲ್ಲ ತೋರುಬೆರಳಿನಿಂದ ಮೈಕನ್ನು ಮೆಲ್ಲಗೆ ತಟ್ಟುತ್ತಿದ್ದರು.

ರೆಕಾರ್ಡಿಂಗಿನ ಕೊನೆಯ ದಿನ ನನ್ನನ್ನು ಕೇಳಿದರು: "ಈ ಕೂಗು ಗಂಟಲಿಂದ ಬತ್ತೈತೋ, ಹೊಟ್ಟೆಯಿಂದ್ಲೋ?"

"ಹೊಟ್ಟೆಯಿಂದ, ಅಂಕಲ್."

"ನಲವತ್ತು ವರ್ಷದಿಂದ ಮೈಕ್ ಮುಂದೆ ನಿಂತಿವ್ನಿ. ಹಲೋ, ಒಂದು, ಎರಡು, ಮೂರು ಅನ್ನೋದು ಬಿಟ್ರೆ ಬೇರೇನೂ ಅಂದಿಲ್ಲ. ನಾನೂ ಒಂದ್ಸಲ ಕೂಗಿ ನೋಡ್ಲೇನ್ರಪ್ಪಾ?"

ಹೆಗಲ ಮೇಲಿನ ಟವೆಲ್ ತೆಗೆದು ನನ್ನ ಕೈಗಿಟ್ಟರು. ಉಸಿರೆಳೆದುಕೊಂಡು ಕೂಗಿದರು. ನಮ್ಮ ಮೊದಲ ಹಾಡು ಇಂದಿಗೂ ಶುರುವಾಗುವುದು ಆ ಕೂಗಿನಿಂದಲೇ.

ಅವರ ಹೆಂಡತಿ ಗಾಬರಿಯಾಗಿ ಓಡಿಬಂದು, "ಏನಾಯ್ತ್ರೀ?" ಎಂದರು.

ಅಂಕಲ್ ಕಣ್ಣಲ್ಲಿ ನೀರಿತ್ತು, ಮುಖದಲ್ಲಿ ಬೆರಗಿತ್ತು. "ಏನಿಲ್ಲ ಕಣೇ," ಎಂದರು. "ಇದು ನನ್ ದನಿ. ನಾನೂ ಇವತ್ತೇ ಕೇಳಿದ್ದು."