ಕರಡಿಗೆಯ ಮೇಲಿನ ಕೈ

ನಾನು ಅಂಜುಬುರುಕಿ. ಮೊದಲೇ ಹೇಳಿಬಿಟ್ಟರೆ ಮುಂದಿನದು ಹೇಳಲು ಸುಲಭ. ಬಸ್ಸು ಹೊರಡುವ ಅರ್ಧ ಗಂಟೆ ಮೊದಲೇ ನಿಲ್ದಾಣದಲ್ಲಿರುವವಳು, ಮುಖ್ಯ ಗುರುಗಳು ಕರೆದರೆ ಏನು ತಪ್ಪಾಯಿತೋ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕುವವಳು. ಇಂಥವಳು ಒಮ್ಮೆ ಇಸ್ಪೀಟಿನಲ್ಲಿ ಅತ್ತೆಯ ಮುಂದೆ ಸುಳ್ಳಾಡಿ ಗೆದ್ದಳು ಎಂದರೆ ನಮ್ಮ ಶಾಲೆಯಲ್ಲಿ ಯಾರೂ ನಂಬುವುದಿಲ್ಲ. ನಂಬದಿರುವುದೇ ಒಳ್ಳೆಯದು.

ನನ್ನ ತವರು ದೇವದುರ್ಗ ತಾಲೂಕಿನ ಗೂಗಲ್, ಕೃಷ್ಣೆಯ ದಂಡೆ. ಕೊಟ್ಟದ್ದು ಮಾನ್ವಿಗೆ, ಅಕ್ಕಿ ಮಿಲ್ಲಿನ ಮನೆಗೆ. ಆ ಮನೆಯಲ್ಲಿ ಮಾವ ಯಂತ್ರ ನೋಡಿಕೊಂಡರೆ ಬರುವ ಭತ್ತ ನೋಡುತ್ತಿದ್ದವರು ಅತ್ತೆ. ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಹಲ್ಲಲ್ಲಿ ಕಟಕ್ಕನೆ ಕಡಿದು ಹಸಿಯೋ ಒಣವೋ ಹೇಳಿಬಿಡುತ್ತಿದ್ದರು. ಅನುಮಾನ ಬಂದರೆ ಚೀಲದ ತಳದವರೆಗೂ ಬಿಚ್ಚಿಸುವರು. ಆದರೆ ರೈತ ಕೊರಳಲ್ಲಿದ್ದ ಇಷ್ಟಲಿಂಗದ ಕರಡಿಗೆ ಮುಟ್ಟಿ ಆಣೆಯಿಟ್ಟು, "ಒಳಗೂ ಒಣಾನ ಅದ ಯವ್ವಾ" ಎಂದನೋ, ಮುಗಿಯಿತು. ಆ ಚೀಲಕ್ಕೆ ಮತ್ತೆ ಕೈ ಹಚ್ಚುತ್ತಿರಲಿಲ್ಲ.

ಆ ಮನೆಯ ಹೆಂಗಸರಿಗೆ ವರ್ಷಕ್ಕೊಮ್ಮೆ ಇಸ್ಪೀಟು. ದೀಪಾವಳಿ ಪಾಡ್ಯದ ದಿನ ಊಟವಾದ ಮೇಲೆ ಪಡಸಾಲೆಯಲ್ಲಿ ಜಮಖಾನೆ ಹಾಸಿ ಮೂರೆಲೆ ಆಟಕ್ಕೆ ಕೂರುವರು. ದುಡ್ಡು ಹಚ್ಚುವಂತಿಲ್ಲ, ಹುಣಸೆಬೀಜವೇ ಪಣ. ಸಂಜೆ ದೀಪ ಹಚ್ಚುವ ಹೊತ್ತಿಗೆ ಯಾರ ಮುಂದೆ ಬೀಜದ ಗುಂಪು ದೊಡ್ಡದೋ ಅವರು ಅತ್ತೆಯನ್ನು ಏನಾದರೂ ಒಂದು ಬೇಡಬಹುದು. ಬೇಡಿದ್ದಕ್ಕೆ ಅತ್ತೆ ಇಲ್ಲ ಎನ್ನುವಂತಿಲ್ಲ. ಅತ್ತೆಯೇ ಗೆದ್ದರೆ ಆ ವರ್ಷ ಎಲ್ಲರ ಬಾಯಿಗೂ ಬೀಗ. ಹೆಚ್ಚಾಗಿ ಗೆಲ್ಲುತ್ತಿದ್ದವರು ಅವರೇ ಅನ್ನಿ. ನನ್ನ ನೆಗೆಣ್ಣಿ, ಎಂದರೆ ಹಿರಿಯ ಸೊಸೆ, ಒಮ್ಮೆ ಗೆದ್ದು ಇಳಕಲ್ ಸೀರೆ ಬೇಡಿದ್ದಳಂತೆ.

ಮದುವೆಯಾದ ಮೂರನೆಯ ದೀಪಾವಳಿಗೆ ನನಗೆ ಬೇಕಾದದ್ದು ಸೀರೆಯಲ್ಲ. ಕಲ್ಲೂರಿನ ಶಾಲೆಯಲ್ಲಿ ಒಬ್ಬ ಶಿಕ್ಷಕಿ ಹೆರಿಗೆ ರಜೆಗೆ ಹೋಗಿದ್ದರು. ಆ ಜಾಗಕ್ಕೆ ಅತಿಥಿ ಶಿಕ್ಷಕಿಯಾಗಿ ಬರುತ್ತೀಯಾ, ಸೋಮವಾರದೊಳಗೆ ಹೇಳು ಎಂದಿದ್ದರು ಅಲ್ಲಿನ ಮುಖ್ಯ ಗುರುಗಳು. ಅತ್ತೆಗೆ ಹೇಳಿದಾಗ ಅವರು ತಲೆಯೆತ್ತದೆ, "ಮಿಲ್ಲಿನ ಮನಿ ಸೊಸಿ ಬಸ್ಸಿನ್ಯಾಗ ನಿಂತು ಜೋತಾಡ್ಕೋತ ಹೋಗೂದೇನ ಬ್ಯಾಡ" ಎಂದರು. ನನ್ನ ಗಂಡ ಅಷ್ಟರಲ್ಲಿ ಚಪ್ಪಲಿ ಹುಡುಕುವ ನೆಪದಲ್ಲಿ ಹೊರಗೆ ಹೋಗಿಯಾಗಿತ್ತು. ಬಿ.ಎಡ್. ಪ್ರಮಾಣಪತ್ರ ಟ್ರಂಕಿನ ತಳದಲ್ಲಿ ಸೀರೆಗಳ ಕೆಳಗಿತ್ತು. ಈ ಸಲ ಹೋಗದಿದ್ದರೆ ಅದು ಅಲ್ಲೇ ಕೊಳೆಯುತ್ತದೆ ಎಂದು ನನಗೆ ಖಾತ್ರಿಯಿತ್ತು. ಉಳಿದದ್ದು ಪಾಡ್ಯದ ಆಟವೊಂದೇ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಬ್ಬೊಬ್ಬರಿಗೆ ಮೂರು ಎಲೆ. ನೋಡದೆ ಆಡಿದರೆ ಬ್ಲೈಂಡು, ಒಂದು ಬೀಜ ಇಟ್ಟರೆ ಸಾಕು. ನೋಡಿ ಆಡುವವರು ಎರಡು ಇಡಬೇಕು. ಬ್ಲೈಂಡ್ ಆಡುವವರಿಗೆ ಎಲೆ ತೋರಿಸು ಎಂದು ನೋಡಿದವರು ಕೇಳುವಂತಿಲ್ಲ. ಅಂಜುವವರಿಗೆ ಬ್ಲೈಂಡೇ ಕ್ಷೇಮ. ತನಗೇ ಗೊತ್ತಿಲ್ಲದ್ದನ್ನು ಮುಖ ಹೇಗೆ ಬಿಟ್ಟುಕೊಟ್ಟೀತು?

ಇದನ್ನೆಲ್ಲ ಕಲಿಸಿದವನು ನನ್ನ ಸೋದರಮಾವ, ಬಸ್ಸಿನ ಕಂಡಕ್ಟರ್. ಟಿಕೀಟು ಇಲ್ಲದವರನ್ನು ಮುಖ ನೋಡಿಯೇ ಹಿಡಿಯುತ್ತಿದ್ದ. ನಾನು ಹೈಸ್ಕೂಲಿನಲ್ಲಿದ್ದಾಗ ಎಲೆ ಹಂಚುತ್ತ ಹೇಳಿದ್ದ: "ಸುಳ್ಳಾಡೂದಿದ್ರ ಸಣ್ಣದು ಕಟ್ಟಬ್ಯಾಡವ್ವ. ಸಣ್ಣದು ಕಟ್ಟಿದ್ರ, ನೋಡೇಬಿಡೂಣಂತ ಬರ್ತಾರ. ಎದಿ ಝಲ್ ಅನ್ನಂಗ ಕಟ್ಟು. ಆದ್ರ ಅದಕ್ಕೂ ಮೊದಲ ನಾಕು ಆಟ ಖರೇನ ಆಡಿರು. ನಿನ್ನ ಖರೇ ಕಂಡವರಿಗೇ ನಿನ್ನ ಸುಳ್ಳು ನಾಟತದ."

ಅದರಂತೆಯೇ ಆಡಿದೆ. ಅತ್ತೆ, ನೆಗೆಣ್ಣಿ, ಹಬ್ಬಕ್ಕೆ ಬಂದಿದ್ದ ನಾದಿನಿ, ನಾನು, ನಾಲ್ವರು. ಒಳ್ಳೆಯ ಎಲೆ ಬಂದಾಗ ಮಾತ್ರ ದೊಡ್ಡದು ಕಟ್ಟಿದೆ, ಗೆದ್ದೆ, ಎಲೆ ತಿರುವಿ ತೋರಿಸಿದೆ. ಕೆಟ್ಟದ್ದು ಬಂದಾಗ ಮರ್ಯಾದೆಯಿಂದ ಎಲೆ ಕೆಳಗಿಟ್ಟು ಪ್ಯಾಕ್ ಮಾಡಿದೆ. "ನಮ್ಮ ಸಣ್ಣಾಕಿ ಆಟಾನೂ ಶಾಲಿ ಹಂಗ ಆಡತಾಳ" ಎಂದು ನಾದಿನಿ ಚೇಷ್ಟೆ ಮಾಡಿದಳು. ಅತ್ತೆಯೂ ನಕ್ಕರು.

ಬಿಸಿಲು ಹೊಸ್ತಿಲು ಬಿಟ್ಟು ಹೊರಗೆ ಸರಿದಿತ್ತು. ನೆಗೆಣ್ಣಿ ಹಣತೆಗೆ ಬತ್ತಿ ಹೊಸೆಯಲು ಎದ್ದಳು, ನಾದಿನಿ ಪ್ಯಾಕ್ ಮಾಡಿದಳು. ಅದೇ ಕೊನೆಯ ಆಟ. ಅತ್ತೆಯ ಮುಂದೆ ನನಗಿಂತ ತುಸು ದೊಡ್ಡ ಗುಂಪು. ಅವರು ಎಲೆ ನೋಡಿಯಾಗಿತ್ತು, ನಾನು ಇನ್ನೂ ಬ್ಲೈಂಡು. ಹಾಗೇ ಇದ್ದಿದ್ದರೆ ಆಗುತ್ತಿತ್ತು. ಆದರೆ ಅಂಜುವವರ ಹಣೆಬರಹವೇ ಅದು, ಕತ್ತಲಲ್ಲಿ ನಿಲ್ಲಲಾಗುವುದಿಲ್ಲ. ಎಲೆ ಎತ್ತಿ ನೋಡಿದೆ. ಒಂಬತ್ತು, ಐದು, ಎರಡು. ಒಂದಕ್ಕೊಂದು ಸಂಬಂಧವಿಲ್ಲ, ಬಣ್ಣವೂ ಬೇರೆ.

ಸೋಮವಾರ, ಬಸ್ಸು, ಕಪ್ಪುಹಲಗೆ ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದು ಹೋದವು. ಎರಡೂ ಕೈಯಿಂದ ನನ್ನ ಬೀಜಗಳನ್ನೆಲ್ಲ ನಡುವೆ ತಳ್ಳಿಬಿಟ್ಟೆ. ಕೆಲವು ಉರುಳಿ ಜಮಖಾನೆಯ ಆಚೆ ಹೋದವು. ಯಾರೂ ಹೆಕ್ಕಲಿಲ್ಲ.

ಅತ್ತೆ ನನ್ನನ್ನೇ ನೋಡಿದರು. ಹಸಿ ಭತ್ತ ತಂದವನನ್ನು ನೋಡುವ ಅದೇ ನೋಟ. ಈಗ ಅವರು ಅಷ್ಟೇ ಬೀಜ ಇಟ್ಟು, ತೋರಿಸು ಎನ್ನಬಹುದಿತ್ತು. ಅವರ ಕೈ ತಮ್ಮ ಗುಂಪಿನ ಕಡೆ ಹೋಗಿಯೂ ಇತ್ತು.

"ಏನವ್ವಾ, ಅಷ್ಟು ದೊಡ್ಡೆಲಿ ಬಂದಾವೇನು?"

ಬಾಯಿ ಬಿಟ್ಟಿದ್ದರೆ ಅಳುತ್ತಿದ್ದೆ. ಎದೆ ಹೊಡೆದುಕೊಳ್ಳುವುದು ಸೆರಗಿನ ಮೇಲೆ ಕಾಣುತ್ತದೇನೋ ಎಂದು ಭಯವಾಗಿ ಕೈ ಮೇಲೆ ಹೋಯಿತು. ಬೆರಳಿಗೆ ತಣ್ಣಗೆ ಬೆಳ್ಳಿ ತಗುಲಿತು. ನನ್ನ ಕರಡಿಗೆ. ಅತ್ತೆಯ ಕಣ್ಣು ಮುಖದಿಂದ ಕೈಗೆ ಇಳಿಯಿತು, ಅಲ್ಲೇ ನಿಂತಿತು. ಅವರ ಹುಬ್ಬಿನ ಗಂಟು ಸಡಿಲಾಯಿತು.

"ಆತು ಬಿಡು. ನಂದು ಪ್ಯಾಕು" ಎಂದು ಎಲೆ ಕೆಳಗಿಟ್ಟರು.

ನಾದಿನಿ ನಗುತ್ತ ಮೊದಲು ತಾಯಿಯ ಎಲೆ ತಿರುವಿದಳು: ಎರಡು ರಾಣಿ, ಒಂದು ಎಂಟು. "ಇಂಥಾ ಜೋಡಿ ಇಟ್ಕೊಂಡು ಯಾಕ ಬಿಟ್ಟಿ ಯವ್ವಾ?" ಎಂದು ನನ್ನ ಎಲೆಗೆ ಕೈ ಹಾಕಿದಳು. ತಡೆಯಬೇಕೆಂದುಕೊಂಡೆ, ಕೈ ಏಳಲಿಲ್ಲ. ಒಂಬತ್ತು, ಐದು, ಎರಡು. "ಏ ಕಳ್ಳಿ!" ಎಂದು ಅವಳು ಚಪ್ಪಾಳೆ ತಟ್ಟಿದಳು. ಒಂದು ಚಪ್ಪಾಳೆಗೇ ನಿಲ್ಲಿಸಿದಳು, ತಾಯಿಯ ಮುಖ ನೋಡಿ.

ಅತ್ತೆ ಬೀಜಗಳನ್ನು ತಾವೇ ಕೂಡಿಸಿ ನನ್ನ ಮುಂದೆ ಸರಿಸಿದರು. ಉರುಳಿ ಹೋದವನ್ನೂ ಬಿಡದೆ ಹೆಕ್ಕಿದರು.

"ಬೇಡು."

ನಾನು ಜಮಖಾನೆಯ ಅಂಚು ತಿದ್ದುತ್ತ ಕೂತೆ.

"ಬೇಡು ಅಂದೆ. ಪಾಡ್ಯದ ದಿನದ ಮಾತು ತಪ್ಪಾಕಿ ಅಲ್ಲ ನಾನು."

"ಕಲ್ಲೂರ ಶಾಲಿಗೆ ಹೋಗತೀನ್ರಿ ಅತ್ತೀ" ಎಂದೆ. ಅಷ್ಟಾದ ಮೇಲೂ ಬೇಡಿದೆ. ಬೇಡದೆ ಎದ್ದು ಹೋಗುವ ಧೈರ್ಯವೂ ಇರಲಿಲ್ಲ, ಅಷ್ಟು ಒಳ್ಳೆಯತನವೂ ಇರಲಿಲ್ಲ.

"ಹೋಗು" ಎಂದರು. ಏಳುವಾಗ ಮೊಣಕಾಲು ಹಿಡಿದುಕೊಂಡು, "ಬರೇ ಎಲಿಯಾಗ ಸುಳ್ಳಾಡಿದ್ದಿದ್ರ ನಾನೂ ನಗತಿದ್ದೆ" ಎಂದರು.

ಮರುದಿನ ಬೆಳಿಗ್ಗೆ ಪೂಜೆಗೆ ಕೂತಾಗ ಕರಡಿಗೆ ಬಿಚ್ಚಿ ಲಿಂಗ ತೆಗೆಯಲಾಗಲಿಲ್ಲ. ಎದ್ದು ಅಡುಗೆಮನೆಗೆ ಹೋದೆ. ಅತ್ತೆ ರೊಟ್ಟಿ ಬಡಿಯುತ್ತಿದ್ದರು. "ಅತ್ತೀ, ಅಂಜಿಕೀಗೆ ಕೈ ಅಲ್ಲಿ ಹೋತ್ರಿ. ಬೇಕಂತ ಮಾಡಲಿಲ್ಲ."

"ಅಂಜಿಕೀಗೆ ಹೋತು" ಎಂದರು ರೊಟ್ಟಿ ತಿರುವುತ್ತ. "ಆಮ್ಯಾಲ?"

ಉತ್ತರ ನನಗೆ ಗೊತ್ತಿತ್ತು. ಕೈ ಹೋದದ್ದು ಭಯಕ್ಕೆ. ಅವರ ಕಣ್ಣು ಅಲ್ಲಿಗೆ ಇಳಿದದ್ದು ಕಂಡೆ, ಅವರು ಏನೆಂದುಕೊಳ್ಳುತ್ತಿದ್ದಾರೆಂದು ತಿಳಿಯಿತು, ತಿಳಿದ ಮೇಲೆ ಕೈಯನ್ನು ಅಲ್ಲೇ ಇಟ್ಟುಕೊಂಡವಳು ನಾನು. ಎರಡು ಉಸಿರಿನಷ್ಟು ಹೊತ್ತು ಇರಬಹುದು.

ಅತ್ತೆ ಮುನಿಸಿಕೊಳ್ಳಲಿಲ್ಲ. ಮುನಿಸಿಕೊಂಡಿದ್ದರೆ ಕಾಲು ಹಿಡಿಯಬಹುದಿತ್ತು. ಸೋಮವಾರ ಅವರೇ ಬುತ್ತಿ ಕಟ್ಟಿಕೊಟ್ಟರು. ಒಂದು ಹುದ್ದೆ ಮುಗಿದು ಇನ್ನೊಂದು ಸಿಕ್ಕಿ, ಇಂದಿಗೂ ಕಲ್ಲೂರಿನ ಬಸ್ಸಿನಲ್ಲೇ ನನ್ನ ಬದುಕು. ಮಕ್ಕಳು ನಾನು ಹೇಳಿದ್ದನ್ನೆಲ್ಲ ಹೌದೆಂದು ಬರೆದುಕೊಳ್ಳುತ್ತವೆ. ಮನೆಯಲ್ಲಿ ಮಾತ್ರ ಜ್ವರ ಬಂದಿದೆ ಎಂದರೂ ಅತ್ತೆ ಹಣೆ ಮುಟ್ಟಿ ನೋಡಿಯೇ ಹೂಂ ಎನ್ನುವುದು.

ಈಚೆಗೆ ರಾಯಚೂರಿನಲ್ಲಿ ಅತ್ತೆಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಎರಡು ಬಗೆಯ ಹನಿ, ಒಂದು ಬೆಳಿಗ್ಗೆ, ಒಂದು ಸಂಜೆ. ಅದಲುಬದಲಾದರೆ ಕಣ್ಣಿಗೆ ಕೇಡು ಎಂದು ಡಾಕ್ಟರು ಎರಡೆರಡು ಸಲ ಹೇಳಿ ಕಳಿಸಿದ್ದರು. ಶೀಸೆಯ ಮೇಲಿನದೆಲ್ಲ ಇಂಗ್ಲಿಷು. ಮನೆಯಲ್ಲಿರುವ ಹೆಂಗಸರಲ್ಲಿ ಅದನ್ನು ಓದಬಲ್ಲವಳು ನಾನೊಬ್ಬಳೇ, ಆದ್ದರಿಂದ ಹಾಕುವ ಕೆಲಸ ನನ್ನದು.

"ಇದು ಯಾವುದು?" ಎಂದು ಕೇಳಿದರು, ಕಣ್ಣು ಮುಚ್ಚಿಕೊಂಡೇ.

"ಮುಂಜಾನಿದ್ರಿ ಅತ್ತೀ. ಹಳದಿ ಮುಚ್ಚಳದ್ದು."

ಅವರು ತಲೆ ಹಿಂದಕ್ಕೆ ವಾಲಿಸಲಿಲ್ಲ. ನೆಗೆಣ್ಣಿಯನ್ನು ಕರೆದರು. ಮೂರನೆಯ ಈಯತ್ತೆಯವರೆಗಷ್ಟೇ ಓದಿದ ನೆಗೆಣ್ಣಿ ಹಿಟ್ಟಿನ ಕೈಯಲ್ಲೇ ಬಂದು ಬಗ್ಗಿ ನೋಡಿ, "ಹೌದ್ರಿ, ಹಳದೀನ ಅದ" ಎಂದಳು. ಆಗ ಅತ್ತೆ ಮುಖವೆತ್ತಿ ಕಣ್ಣು ತೆರೆದರು.

ಹನಿ ಬೀಳಿಸುವ ಮುನ್ನ ನಾನು ಶೀಸೆಯ ಮೇಲಿನ ಅಕ್ಷರಗಳನ್ನು ಮತ್ತೊಮ್ಮೆ ಓದುತ್ತೇನೆ, ಬೆಳಕಿಗೆ ಹಿಡಿದು ಇನ್ನೊಮ್ಮೆ ಓದುತ್ತೇನೆ. ಬೇರೆ ಯಾರಾದರೂ ತಪ್ಪಿ ಇನ್ನೊಂದು ಶೀಸೆಯ ಹನಿ ಹಾಕಿದರೆ ಅದು ಕೈತಪ್ಪು. ನಾನು ಹಾಕಿದರೆ ಈ ಮನೆಯಲ್ಲಿ ಯಾರೂ ಅದನ್ನು ಕೈತಪ್ಪು ಎನ್ನುವುದಿಲ್ಲ.